ಟೀಚರಮ್ಮ ಮಾತಾಡದ ಮೂರು ವಾರ

ಪೇಟೆ ಶಾಲೆಯ ಶಿಕ್ಷಕರಿಗೆ ಒತ್ತಡ, ಹಳ್ಳಿ ಶಾಲೆಯವರಿಗೆ ಆರಾಮು. ಈ ಮಾತನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೆಂದರೆ, ಯಾರಾದರೂ ಶುರು ಮಾಡಿದರೆ ಮಿಕ್ಕಿದ್ದನ್ನು ನಾನೇ ಮುಗಿಸಿಕೊಡಬಲ್ಲೆ. ಹತ್ತು ಗಂಟೆಗೆ ಬರುತ್ತಾರೆ, ಮರದ ಕೆಳಗೆ ಕುರ್ಚಿ ಹಾಕಿಕೊಳ್ಳುತ್ತಾರೆ, ಬಿಸಿಯೂಟ ಉಂಡು ನಾಲ್ಕರ ಬಸ್ಸು ಹಿಡಿಯುತ್ತಾರೆ. ಬಂಗಾರಪೇಟೆಯ ರೈಲಿನಲ್ಲಿ ಇದನ್ನೇ ಹೇಳುತ್ತಾರೆ, ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲೂ ಇದನ್ನೇ ಹೇಳುತ್ತಾರೆ. ಹೇಳುವವರಲ್ಲಿ ಹಳ್ಳಿ ಶಾಲೆಯೊಂದರಲ್ಲಿ ಒಂದು ಪೂರ್ತಿ ದಿನ ಕೂತವರು ಯಾರು ಎಂದು ಕೇಳಿದರೆ ಮಾತು ಬೇರೆ ಕಡೆ ತಿರುಗುತ್ತದೆ. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಎಲ್ಲರೂ ತಲೆಯಾಡಿಸುವ ಮಾತು ಎದುರಿಗೆ ಬಂದರೆ, ಇದು ನಿಮಗೆ ಹೇಗೆ ಗೊತ್ತು ಎಂದು ಕೇಳುವ ಚಟ ಬಿಟ್ಟಿಲ್ಲ. ಮನೆಯಲ್ಲಿ ಇದಕ್ಕೆ ಬೇರೆ ಹೆಸರಿದೆ.

ತಮಾಷೆಯೆಂದರೆ, ನಾನೇ ಸಂಗ್ರಹಿಸಿದ ಕಾಗದಗಳೂ ಅದನ್ನೇ ಹೇಳುತ್ತಿದ್ದವು.

ಎಂ.ಎಡ್. ಪ್ರಬಂಧಕ್ಕೆ ನಾನು ಆರಿಸಿಕೊಂಡ ವಿಷಯ ನಗರ ಮತ್ತು ಗ್ರಾಮೀಣ ಶಾಲಾ ಶಿಕ್ಷಕರ ಕೆಲಸದ ಒತ್ತಡ. ಕೈಯಲ್ಲಿ ಒಂದು ಪ್ರಶ್ನಾವಳಿ. ನಲವತ್ತು ಹೇಳಿಕೆಗಳು, ಪ್ರತಿಯೊಂದರ ಮುಂದೆ ಐದು ಚೌಕ. ಯಾವತ್ತೂ ಇಲ್ಲ, ಅಪರೂಪಕ್ಕೆ, ಆಗಾಗ, ಬಹಳ ಸಲ, ಯಾವಾಗಲೂ. ಒಂದರಲ್ಲಿ ಗುರುತು ಹಾಕಬೇಕು. ಹೆಸರು ಬರೆಯುವಂತಿಲ್ಲ. ನಾನು ಪಕ್ಕದಲ್ಲಿ ನಿಂತು ಸಲಹೆ ಕೊಡುವಂತಿಲ್ಲ, ಮುಖದಲ್ಲಿ ಭಾವನೆ ತೋರಿಸುವಂತಿಲ್ಲ. ಈ ಕೊನೆಯದನ್ನು ನನ್ನ ಮಾರ್ಗದರ್ಶಕಿ ಮೇಡಂ ನನಗೆಂದೇ ಸೇರಿಸಿದ್ದರು.

ಮೊದಲು ಹೋದದ್ದು ಕೆಜಿಎಫ್‌ನ ಕೋರಮಂಡಲ್ ಬಡಾವಣೆಯ ಒಂದು ಖಾಸಗಿ ಶಾಲೆಗೆ. ನನ್ನ ಮನೆಯಿಂದ ನಡೆದು ಹೋಗುವಷ್ಟು ದೂರ. ಸ್ಟಾಫ್ ರೂಮಿನಲ್ಲಿ ಫಾರಂ ಹಂಚಿದೆ. ಎಲ್ಲರಿಗಿಂತ ಹಿರಿಯ ಶಿಕ್ಷಕಿ ಕನ್ನಡಕ ಏರಿಸಿಕೊಂಡು ಹೇಳಿಕೆಗಳನ್ನು ಗಟ್ಟಿಯಾಗಿ ಓದತೊಡಗಿದರು. "ಪೋಷಕರ ನಿರೀಕ್ಷೆ ನನಗೆ ಹೊರೆ ಎನಿಸುತ್ತದೆ. ಏನ್ ಹಾಕೋಣ?" ಮೂಲೆಯಿಂದ ಒಬ್ಬರು, "ಎಪ್ಪವುಮ್ ಪೋಡು ಮಾ, ಯಾವಾಗ್ಲೂ ಹಾಕು" ಎಂದರು. ಎಲ್ಲರೂ ನಕ್ಕು ಯಾವಾಗಲೂ ಎಂದು ಹಾಕಿದರು. ಕ್ಯಾಮೆರಾ ಇದೆ, ವಾಟ್ಸಾಪ್ ಗುಂಪಿದೆ, ರಾತ್ರಿ ಊಟದ ಹೊತ್ತಿಗೆ ಪೋಷಕರ ಫೋನಿದೆ. ಒತ್ತಡ ಸುಳ್ಳಲ್ಲ. ಆದರೆ ನಲವತ್ತಕ್ಕೂ ನಲವತ್ತು? ಕಡೆಗೆ ಹಿರಿಯ ಶಿಕ್ಷಕಿಯೇ ನನ್ನ ಕಿವಿಯ ಹತ್ತಿರ ಬಂದು, "ಇದನ್ನ ನೋಡಿ ಮ್ಯಾನೇಜ್‌ಮೆಂಟ್‌ಗೆ ಯಾರಾದ್ರೂ ಹೇಳ್ತಾರಾ ಮಾ, ಒಂದ್ ಪೀರಿಯಡ್ ಕಮ್ಮಿ ಮಾಡಿ ಅಂತ?" ಎಂದು ಕೇಳಿದರು. ಅವರು ಪ್ರಶ್ನಾವಳಿ ತುಂಬಿರಲಿಲ್ಲ, ಅರ್ಜಿ ಬರೆದಿದ್ದರು.

ಆಮೇಲೆ ಕ್ಯಾಸಂಬಳ್ಳಿಯಿಂದ ಒಳಗೆ, ರಾಗಿ ಹೊಲ, ಟೊಮೆಟೊ ತೋಟಗಳ ನಡುವಿನ ಒಂದು ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ತರಗತಿ, ಇಬ್ಬರು ಶಿಕ್ಷಕರು. ಪ್ರಭಾರ ಮುಖ್ಯೋಪಾಧ್ಯಾಯರು ಬಂಗಾರಪೇಟೆಯವರು. ನಾಲ್ಕು, ಐದನೇ ತರಗತಿ ಅವರದು. ಒಂದರಿಂದ ಮೂರು ಒಟ್ಟಿಗೆ ಕೂರುವ ನಲಿಕಲಿ ಕೋಣೆ ಟೀಚರಮ್ಮನದು. ಊರಿನವರು, ಮಕ್ಕಳು, ಮೇಷ್ಟ್ರು ಎಲ್ಲರೂ ಅವರನ್ನು ಹಾಗೇ ಕರೆಯುವುದರಿಂದ ನಾನೂ ಹಾಗೇ ಬರೆಯುತ್ತೇನೆ. ಫಾರಂ ಕೊಟ್ಟಾಗ ಮೇಷ್ಟ್ರು ಎರಡನ್ನೂ ತೆಗೆದುಕೊಂಡು, "ನಾಳೆ ಬಾಮ್ಮ, ತುಂಬಿಸಿ ಇಟ್ಟಿರ್ತೀನಿ" ಎಂದರು. ಮರುದಿನ ತುಂಬಿಸಿ ಇಟ್ಟಿದ್ದರು. ಎರಡೂ ಫಾರಂ, ಒಂದೇ ನೀಲಿ ಪೆನ್ನು, ಒಂದೇ ಓರೆಯ ಗೀಟು. ಮೇಲಿಂದ ಕೆಳಗಿನವರೆಗೆ ಯಾವತ್ತೂ ಇಲ್ಲ, ಯಾವತ್ತೂ ಇಲ್ಲ, ಯಾವತ್ತೂ ಇಲ್ಲ.

"ಸಾರ್, ಇದು ಒಬ್ಬರೇ ತುಂಬಿದ್ದು."

"ಹೂಂ, ನಾನೇ."

"ಟೀಚರದ್ದನ್ನ ಅವರೇ ತುಂಬಬೇಕಲ್ವಾ?"

"ಈ ಶಾಲೆಗೆ ಬರೋ ಎಲ್ಲಾ ಫಾರ್ಮ್ಯಾಟೂ ನಾನೇ ತುಂಬೋದು. ಮೊಟ್ಟೆ ಫಾರ್ಮ್ಯಾಟು, ಹಾಲಿನ ಫಾರ್ಮ್ಯಾಟು, ಬೂಟಿನ ಅಳತೆ ಫಾರ್ಮ್ಯಾಟು. ನೋಡಮ್ಮ, ಇಲ್ಲ ಅಂತ ಬರದ್ರೆ ಅಲ್ಲಿಗೆ ಮುಗೀತು. ಐತೆ ಅಂತ ಬರದ್ರೆ ಅದಕ್ಕೆ ಇನ್ನೊಂದು ಫಾರ್ಮ್ಯಾಟು ಬತ್ತದೆ. ಒಂದ್ಸಲ ನಿಜ ಬರದೆ, ಶೌಚಾಲಯದ ಬಾಗಿಲು ಮುರಿದೈತೆ ಅಂತ. ಯಾವ ಕಡೆ ಮುರಿದೈತೆ, ಯಾವಾಗ ಮುರೀತು, ಫೋಟೋ ಎಲ್ಲಿ, ಫೋಟೋದಲ್ಲಿ ನೀವ್ ಯಾಕಿಲ್ಲ? ಬಾಗಿಲು ಬರ್ಲಿಲ್ಲ. ಕಡೀಗೆ ನಾನೇ ಬಡಗಿ ಕರೆಸ್ದೆ. ಒತ್ತಡ ಐತೆ ಅಂತ ಬರದ್ರೆ ಏನ್ ಕೊಡ್ತೀರ ನೀವು? ಎರಡು ದಿನ ಒತ್ತಡ ನಿವಾರಣೆ ತರಬೇತಿ ಕೊಡ್ತೀರ. ಆ ಎರಡು ದಿನ ಈ ಮಕ್ಕಳನ್ನ ಯಾರ್ ನೋಡ್ತಾರೆ?"

ಎರಡೂ ಫಾರಂಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ.

ಆದರೂ ಟೀಚರಮ್ಮನ ಫಾರಂ ಅವರ ಕೈಯಿಂದಲೇ ಬರಬೇಕೆಂದು ಹಟ ಮಾಡಿ ನಲಿಕಲಿ ಕೋಣೆಗೆ ಹೋದೆ. ಸಿಮೆಂಟ್ ಶೀಟಿನ ಮಾಡು, ರಸ್ತೆಗೆ ಅಂಟಿದ ಗೋಡೆ. ಹಾಲಿನ ವ್ಯಾನು, ಟೊಮೆಟೊ ಲಾರಿ ಹೋದಾಗಲೆಲ್ಲ ಕೋಣೆ ಗಂಟೆಯಂತೆ ಮೊಳಗುತ್ತಿತ್ತು. ಮೂರು ತರಗತಿಯ ಮಕ್ಕಳು ಗುಂಪು ಗುಂಪಾಗಿ ಕಾರ್ಡು ಹಿಡಿದು ಕೂತಿದ್ದರು. ಟೀಚರಮ್ಮ ನಡುವಿನಲ್ಲಿ ನೆಲದ ಮೇಲೆ ಕೂತಿದ್ದರು. ನಲವತ್ತೈದರ ಆಸುಪಾಸಿನ ಹೆಂಗಸು, ಕತ್ತಿಗೆ ಸೆಖೆಯಲ್ಲೂ ಒಂದು ಹತ್ತಿಯ ಟವಲ್ಲು. ಅವರು ಏನೋ ಹೇಳಿದರು. ನನಗೆ ಕೇಳಲಿಲ್ಲ. ಹತ್ತಿರ ಕೂತಿದ್ದ ಮೂರನೇ ತರಗತಿಯ ಹುಡುಗಿ ಗಟ್ಟಿಯಾಗಿ, "ಮೊಲದ ಗುಂಪು ಲೆಕ್ಕದ ಕಾರ್ಡು ತಗೋಬೇಕಂತೆ" ಎಂದಳು. ಮೊಲದ ಗುಂಪು ಎದ್ದಿತು. ಟೀಚರಮ್ಮ ಮತ್ತೇನೋ ಹೇಳಿದರು. ಹುಡುಗಿ ಮತ್ತೆ ಸಾರಿದಳು.

ಹದಿನೇಳನೇ ಹೇಳಿಕೆ ನನಗೆ ಬಾಯಿಪಾಠವಾಗಿತ್ತು. ದಿನದ ಕೊನೆಗೆ ನನ್ನ ದನಿ ದಣಿಯುತ್ತದೆ. ಅದರ ಮುಂದೆ ಈ ಹೆಂಗಸಿನ ಹೆಸರಿನಲ್ಲಿ ಯಾವತ್ತೂ ಇಲ್ಲ ಎಂದು ಗುರುತು ಬಿದ್ದಿತ್ತು.

"ಟೀಚರ್, ಗಂಟಲಿಗೆ ಏನಾಗಿದೆ?"

"ನೆಗಡಿ" ಎಂದರು. ಅದು ಮಾತಲ್ಲ, ಹರಿದ ಕಾಗದದ ಸದ್ದು.

ಊಟದ ಬಿಡುವಿನಲ್ಲಿ ಮೇಷ್ಟ್ರನ್ನು ಕೇಳಿದೆ. "ನೆಗಡಿ ಅಂತಾರೆ. ದಸರಾ ರಜೆಗೂ ಮುಂಚಿಂದ ಅದೇ ನೆಗಡಿ" ಎಂದು ತಟ್ಟೆ ನೋಡುತ್ತ ಹೇಳಿದರು. "ಮೊದ್ಲು ಇವ್ರು ಎಣಿಕೆ ಹಾಡು ಹಾಡಿದ್ರೆ ಆಚೆ ತೋಟದಲ್ಲಿ ಕಾಯಿ ಕೀಳೋರೂ ಜತೇಲಿ ಎಣಿಸೋರು ಕಣಮ್ಮ." ಆಸ್ಪತ್ರೆಗೆ ಯಾಕೆ ತೋರಿಸಿಲ್ಲ ಎಂದೆ. ಅವರು ಫೋನನ್ನು ಎತ್ತಿಕೊಂಡು ನೀರಿನ ಟ್ಯಾಂಕಿನ ಕಡೆ ಹೊರಟರು. ಹಾಜರಿ ಕಳಿಸಲು ಅಲ್ಲಿ ಮಾತ್ರ ಸಿಗ್ನಲ್ಲು. ಹೋಗುತ್ತ, "ನೀನೇ ಕೇಳು, ಮಾತಲ್ಲಿ ಜಾಣೆ ಇದ್ದಂಗಿದೀಯ" ಎಂದರು.

ಎರಡು ದಿನ ವಾದ ಮಾಡಿದೆ. ಟೀಚರಮ್ಮನ ಪಕ್ಷ ಸರಳವಾಗಿತ್ತು. ಡಾಕ್ಟರು ರಜೆ ಹಾಕು ಎನ್ನುತ್ತಾರೆ. ರಜೆ ಹಾಕಿದರೆ ಬದಲಿಗೆ ಯಾರೂ ಬರುವುದಿಲ್ಲ. ಮೇಷ್ಟ್ರು ಒಬ್ಬರೇ ಐದು ತರಗತಿ, ಅದರಲ್ಲಿ ವಾರಕ್ಕೆರಡು ಸಲ ಅವರಿಗೆ ಸಭೆ. ತಿಂಗಳು ಪಾಠ ನಿಂತರೆ ಕ್ಯಾಸಂಬಳ್ಳಿಯ ಖಾಸಗಿ ಶಾಲೆಯ ಹಳದಿ ವ್ಯಾನು ಊರೊಳಗೆ ಬರುತ್ತದೆ. ಒಮ್ಮೆ ವ್ಯಾನು ಹತ್ತಿದ ಮಗು ಮತ್ತೆ ಈ ಕೋಣೆಗೆ ಬರುವುದಿಲ್ಲ. ಇದೆಲ್ಲ ಅವರು ಪಿಸುದನಿಯಲ್ಲಿ, ಮಧ್ಯೆ ಮಧ್ಯೆ ಕೆಮ್ಮುತ್ತ ಹೇಳಿದರು. ನಾನು ಕೇಳಿದ್ದು ಒಂದೇ. "ದನಿ ಪೂರ್ತಿ ಹೋದರೆ?" ಅವರು ಟವಲ್ಲನ್ನು ಬಿಗಿ ಮಾಡಿಕೊಂಡರು. "ಹಾಡು ಹೋಗಿದೆ ಅಂತ ಮಕ್ಕಳಿಗಿನ್ನೂ ಗೊತ್ತಿಲ್ಲ" ಎಂದರು. "ನೆಗಡಿ ಅಂತಲೇ ಅಂದ್ಕೊಂಡಿದ್ದಾರೆ." ವಾದದಲ್ಲಿ ಗೆದ್ದಾಗ ಆಗುವ ಖುಷಿ ಆಗಲಿಲ್ಲ.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ನನ್ನ ಸ್ಕೂಟರಿನಲ್ಲಿ ಬಂಗಾರಪೇಟೆಗೆ ಕರೆದುಕೊಂಡು ಹೋದೆ. ಗಂಟಲಿನ ಡಾಕ್ಟರು ಸಣ್ಣ ಕೊಳವೆಯ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ತೆಳುವಾದ ಎರಡು ಬಿಳಿ ಪಟ್ಟಿಗಳು, ಬಾಗಿಲಿನ ಎರಡು ರೆಕ್ಕೆಯ ಹಾಗೆ. ಅವು ಸೇರಬೇಕಾದ ಜಾಗದಲ್ಲಿ ಆಚೆಗೊಂದು ಈಚೆಗೊಂದು ಚಿಕ್ಕ ಗಂಟು.

"ಗುದ್ದಲಿ ಹಿಡಿದವರ ಅಂಗೈಯಲ್ಲಿ ಜಡ್ಡು ಕಟ್ಟುತ್ತಲ್ಲ, ಅದೇ" ಎಂದರು ಡಾಕ್ಟರು. "ಮೂರು ವಾರ ಒಂದು ಮಾತೂ ಆಡಬಾರದು. ಪಿಸುಮಾತಂತೂ ಬೇಡವೇ ಬೇಡ, ಅದು ಇನ್ನೂ ಜಾಸ್ತಿ ತಿಕ್ಕುತ್ತೆ. ಗಂಟು ಕರಗಿದ್ರೆ ಸರಿ. ಇಲ್ಲದಿದ್ರೆ ಬೆಂಗಳೂರಿಗೆ ಕಳಿಸ್ತೀನಿ, ಆಪರೇಷನ್. ಆಮೇಲೂ ತರಗತಿಗೆ ಸಾಕಾಗೋ ದನಿ ಬರುತ್ತೆ ಅಂತ ನಾನು ಹೇಳಲ್ಲ. ಮಧ್ಯೆ ಒಂದು ಸಲ ಗಟ್ಟಿಯಾಗಿ ಕೂಗಿದ್ರೂ ಮಾಡಿದ್ದೆಲ್ಲ ನೀರುಪಾಲು."

ಟೀಚರಮ್ಮ ಪರದೆಯನ್ನೇ ನೋಡುತ್ತಿದ್ದರು. ಹೊರಗೆ ಬಂದು ಸ್ಕೂಟರಿನ ಹತ್ತಿರ ನಿಂತಾಗ ಕೊನೆಯದಾಗಿ ಪಿಸುಗುಟ್ಟಿದರು. "ಸೋಮವಾರ ಶಾಲೆಗೆ ಹೋಗ್ತೀನಿ. ಮಾತಾಡಲ್ಲ. ಆದರೆ ಹೋಗ್ತೀನಿ."

ನನ್ನ ತೀರ್ಮಾನ ಆದದ್ದು ಅಲ್ಲಿ, ಬಂಗಾರಪೇಟೆಯ ಆ ಬಿಸಿಲಿನಲ್ಲಿ. ಎಂ.ಎಡ್.ನಲ್ಲಿ ಇಂತಿಷ್ಟು ವಾರ ಒಂದು ಶಾಲೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮವಿದೆ. ನನಗೆ ನಿಗದಿಯಾಗಿದ್ದದ್ದು ಕೆಜಿಎಫ್ ಪೇಟೆಯ ಒಂದು ದೊಡ್ಡ ಶಾಲೆ, ಇನ್ನೂ ಶುರುವಾಗಿರಲಿಲ್ಲ. ಮಾರ್ಗದರ್ಶಕಿ ಮೇಡಂಗೆ ಫೋನ್ ಮಾಡಿ, ಅದನ್ನು ಈ ಶಾಲೆಗೆ ಬದಲಾಯಿಸಿಕೊಡಿ, ಸೋಮವಾರದಿಂದಲೇ ಎಂದೆ.

"ಅದು ನಿನ್ನ ಸ್ಯಾಂಪಲ್ ಶಾಲೆ ಅಲ್ವೇನೇ?" ಎಂದರು ಮೇಡಂ. "ನೀನು ಅಳೆಯೋಕೆ ಹೋದವಳು. ಅಳೆಯೋಳೇ ಹೋಗಿ ಗೋಡೆ ಎತ್ತಿದ್ರೆ ಅಳತೆ ಯಾರು ನಂಬ್ತಾರೆ?"

"ಮೇಡಂ, ಅಳತೆ ಈಗಲೇ ಸುಳ್ಳಾಗಿದೆ."

"ಹಾಗಾದ್ರೆ ಆ ಶಾಲೆಯನ್ನ ಪಟ್ಟಿಯಿಂದ ತೆಗೀಬೇಕಾಗುತ್ತೆ."

"ತೆಗೀರಿ."

"ಯಾವುದಕ್ಕೂ ಒಂದು ಡೈರಿ ಇಡು" ಎಂದರು ಮೇಡಂ. ಈಗ ಬರೆಯುತ್ತಿರುವುದು ಆ ಡೈರಿಯಿಂದ.

ಸೋಮವಾರ ಮೇಷ್ಟ್ರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಟೀಚರಮ್ಮಂಗೆ ಡಾಕ್ಟ್ರು ಮೂರು ವಾರ ಬಾಯಿಗೆ ಬೀಗ ಹಾಕವ್ರೆ. ಬೀಗದಕೈ ಡಾಕ್ಟ್ರ ಅತ್ರ ಐತೆ. ಯಾರೂ ಮಾತಾಡಿಸ್ಬ್ಯಾಡಿ" ಎಂದರು. ಒಂದನೇ ತರಗತಿಯ ಒಬ್ಬ, "ಊಟ ಎಂಗ್ ಮಾಡ್ತಾರೆ?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆ.

ಕಾರ್ಯಕ್ರಮ ಹೀಗಿತ್ತು. ಪಾಠ ನಾನು ಹೇಳುವುದು. ಟೀಚರಮ್ಮ ಗುಂಪುಗಳ ನಡುವೆ ಓಡಾಡುತ್ತ ತಿದ್ದುವುದು, ಹೇಳಬೇಕಾದದ್ದಿದ್ದರೆ ಸ್ಲೇಟಿನಲ್ಲಿ ಬರೆಯುವುದು. ನಾನು ವೇದಿಕೆಯಲ್ಲಿ ಮೈಕಿಲ್ಲದೆ ಮಾತಾಡಿ ಕಪ್ಪು ಗೆದ್ದವಳು. ನಲವತ್ತು ಚಿಲ್ಲರೆ ಮಕ್ಕಳು ಯಾವ ಲೆಕ್ಕ? ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಗೊತ್ತಾಯಿತು. ಚರ್ಚೆಯಲ್ಲಿ ಎದುರು ಪಕ್ಷ ತನ್ನ ಸರದಿ ಬರುವವರೆಗೆ ಕಾಯುತ್ತದೆ. ಇಲ್ಲಿ ಎಲ್ಲರ ಸರದಿಯೂ ಈಗಲೇ. ಜಿಂಕೆ ಗುಂಪಿಗೆ ಅಕ್ಷರ ಹೇಳಿಕೊಡುವಾಗ ಆನೆ ಗುಂಪಿನಲ್ಲಿ ಜಗಳ, ಆನೆ ಗುಂಪನ್ನು ಸಮಾಧಾನ ಮಾಡುವಷ್ಟರಲ್ಲಿ ಲಾರಿ, ಲಾರಿ ಹೋದ ಮೇಲೆ ನಾನು ಏನು ಹೇಳುತ್ತಿದ್ದೆ ಎಂಬುದು ನನಗೇ ಮರೆತಿರುತ್ತಿತ್ತು.

ಎರಡನೇ ದಿನ ಗಮನ ಸೆಳೆಯಲು ಒಂದು ಉಪಾಯ ಮಾಡಿದೆ. ಮೇಜಿನ ಮೇಲಿದ್ದ ಸ್ಟೀಲ್ ತಟ್ಟೆಯನ್ನು ಚಮಚದಿಂದ ಬಡಿದೆ. ಒಂದು ಕ್ಷಣ ನಿಶ್ಶಬ್ದ. ಮರುಕ್ಷಣ ಮಕ್ಕಳೆಲ್ಲ ಚೀಲದಿಂದ ತಟ್ಟೆ ಎತ್ತಿಕೊಂಡು ಹೊರಗೆ ಓಡಿದರು. ಗಂಟೆ ಇನ್ನೂ ಹನ್ನೊಂದು. ಅಡುಗೆಯಾಕೆ ಸೌಟು ಹಿಡಿದುಕೊಂಡು ಹೊರಗೆ ಬಂದು, "ಯಾರ್ಲಾ ಅದು ಒಡೆದಿದ್ದು? ಅಕ್ಕಿ ಇನ್ನೂ ಕುದ್ದೇ ಇಲ್ಲ" ಎಂದರು. ಮಕ್ಕಳೆಲ್ಲ ನನ್ನ ಕಡೆ ಕೈ ತೋರಿಸಿದರು. ಟೀಚರಮ್ಮ ಗೋಡೆಗೆ ಒರಗಿ, ಬಾಯಿಗೆ ಟವಲ್ಲು ಒತ್ತಿಕೊಂಡು, ಸದ್ದಿಲ್ಲದೆ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾಲ್ಕನೇ ದಿನ ನನ್ನ ದನಿ ಒಡೆಯಿತು. ಬೆಳಿಗ್ಗೆ ಎದ್ದರೆ ಗಂಟಲಲ್ಲಿ ಮರಳು. ಹಾಗೇ ಹೋಗಿ ಹಾಗೇ ಕಿರುಚಿದೆ. ಹನ್ನೆರಡರ ಹೊತ್ತಿಗೆ ಟೀಚರಮ್ಮ ನನ್ನ ಮುಂದೆ ಸ್ಲೇಟು ಹಿಡಿದರು. "ಗದ್ದಲದ ಮೇಲೆ ಹತ್ತಬೇಡ." ಒರೆಸಿ ಮತ್ತೆ ಬರೆದರು. "ನಾನೂ ಹಾಗೇ ಮಾಡಿದ್ದು." ಮತ್ತೆ ಒರೆಸಿ, "ಹದಿನಾಲ್ಕು ವರ್ಷ."

ಆ ದಿನ ಮಕ್ಕಳು ಹೋದ ಮೇಲೆ ಇಬ್ಬರೂ ಕೂತೆವು. ಅವರು ಬರೆಯುವುದು, ನಾನು ಕೇಳುವುದು. ಅವರಿಗೆ ಎಲ್ಲ ಗೊತ್ತಿತ್ತು. ಮಕ್ಕಳಿಗೆ ಬೆನ್ನು ಹಾಕಿ, ಹಲಗೆಯ ಕಡೆ ತಿರುಗಿಕೊಂಡು ಮಾತಾಡಬಾರದು. ಲಾರಿ ಬಂದರೆ ನಿಲ್ಲಬೇಕು, ಸ್ಪರ್ಧೆಗೆ ಇಳಿಯಬಾರದು. ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಹೋಗುವಾಗ ಒಂದು ಗುಟುಕು ನೀರು. ದನಿ ಇಳಿಸಿದರೆ ಮಕ್ಕಳು ಕೇಳಿಸಿಕೊಳ್ಳಲು ತಾವೇ ಇಳಿಯುತ್ತಾರೆ, ಆದರೆ ಅದಕ್ಕೆ ಒಂದೆರಡು ನಿಮಿಷ ಕಾಯಬೇಕು. "ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಮಾಡಲಿಲ್ಲ?" ಎಂದೆ. ನನ್ನ ಬಾಯಿ ಹಾಗೇ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಕಾಯೋ ಎರಡು ನಿಮಿಷ ನನ್ನ ಹತ್ರ ಇರಲಿಲ್ಲ" ಎಂದು ಬರೆದರು. ಒಂದು ಕಡೆ ಮೂರು ತರಗತಿ, ಮೇಷ್ಟ್ರು ಸಭೆಗೆ ಹೋದ ದಿನ ಐದು, ನಡುವೆ ಹಾಲು ಕಾಯಿಸುವುದು, ಮೊಟ್ಟೆ ಎಣಿಸುವುದು, ಯಾರದೋ ಮೂಗಿನ ರಕ್ತ ಒರೆಸುವುದು. ಕೂಗಿದರೆ ಕೆಲಸ ಬೇಗ ಆಗುತ್ತದೆ. ಅಷ್ಟೇ ವಿಷಯ.

ಮೇಷ್ಟ್ರು ಬಿಸಿಯೂಟದ ಅಕ್ಕಿಯ ಖಾಲಿ ಗೋಣಿಚೀಲಗಳನ್ನು ಬಿಚ್ಚಿ, ಹೊಲಿಸಿ, ರಸ್ತೆ ಬದಿಯ ಗೋಡೆಗೆ ಉದ್ದಕ್ಕೂ ತೂಗುಹಾಕಿದರು. ಕೋಣೆಯ ಮೊಳಗು ಅರ್ಧಕ್ಕೆ ಇಳಿಯಿತು. "ಇದಕ್ಕೆ ಫಾರ್ಮ್ಯಾಟ್ ಬರಲ್ವಾ ಸಾರ್?" ಎಂದರೆ, "ಚೀಲ ಒಣಗಾಕೀನಿ ಅಂತ ಬರೀತೀನಿ ಬಿಡು" ಎಂದರು. ಗುಂಪುಗಳನ್ನು ಆ ಗೋಡೆಯಿಂದ ದೂರ ಸರಿಸಿದೆವು. ಟೀಚರಮ್ಮ ಒಂದು ಕಡ್ಡಿಗೆ ಕೆಂಪು ರಿಬ್ಬನ್ ಕಟ್ಟಿದರು. ಅದನ್ನು ಎತ್ತಿದರೆ, ನೋಡಿದ ಮಗು ಕೈ ಎತ್ತಬೇಕು, ಅದನ್ನು ನೋಡಿದ ಇನ್ನೊಂದು ಮಗುವೂ. ಕೈಗಳು ಒಂದೊಂದಾಗಿ ಏರುತ್ತ ಸದ್ದು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕಡಿಮೆಯಾಗುತ್ತ ಹೋಗುವುದನ್ನು ಮೊದಲ ಸಲ ನೋಡಿದಾಗ ನಾನು ಹೇಳಬೇಕಾದ ಪಾಠವನ್ನೇ ಬಿಟ್ಟು ನಿಂತುಬಿಟ್ಟೆ. ಟೀಚರಮ್ಮ ಮುಂದುವರಿಸು ಎಂದು ಮೊಣಕೈಯಿಂದ ತಿವಿದರು.

ಎರಡನೇ ವಾರ ಹಗುರವಾಗಿತ್ತು. ಮಕ್ಕಳು ಅವರ ಸ್ಲೇಟನ್ನು ಓದುವ ಆಸೆಗೇ ಅಕ್ಷರ ಕೂಡಿಸಿ ಓದತೊಡಗಿದರು. ಮನೆಯಲ್ಲಿ ಹೇಗಿದೆ ಎಂದು ಒಂದು ದಿನ ಕೇಳಿದೆ. "ನನ್ನ ಮಾತನ್ನ ಈಗ ಯಾರೂ ಮೀರಲ್ಲ" ಎಂದು ಬರೆದು ಗಂಭೀರವಾಗಿ ತೋರಿಸಿದರು. ಸುಖವಾಗಿಯೇ ಇದ್ದೆವು, ಎರಡನೇ ತರಗತಿಯ ಒಬ್ಬ ಹುಡುಗಿ ಬರುವುದು ನಿಲ್ಲುವವರೆಗೆ.

ಅವಳ ಅಮ್ಮ ತೋಟಗಳಲ್ಲಿ ಕೂಲಿ. ಕೈಗೂಸನ್ನು ನೋಡಿಕೊಳ್ಳಲು ಮಗಳನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದಾಳೆಂದು ಮಕ್ಕಳು ಹೇಳಿದರು. ನಾಲ್ಕು ದಿನವಾಯಿತು. ಟೀಚರಮ್ಮ ಹಾಜರಿ ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂರುತ್ತಿದ್ದರು. ನಾನು ಹೋಗಿ ಬರುತ್ತೇನೆ ಎಂದೆ. ಅವರು ಬಹಳ ಹೊತ್ತು ನನ್ನ ಮುಖ ನೋಡಿ ತಲೆಯಾಡಿಸಿದರು.

ಆ ಹೆಂಗಸು ಬದುವಿನ ಮೇಲೆ ಕೂತು ಕೊತ್ತಂಬರಿ ಕಟ್ಟು ಕಟ್ಟುತ್ತಿದ್ದರು. ಹುಡುಗಿ ಸೀರೆಯ ಜೋಲಿ ತೂಗುತ್ತಿದ್ದಳು. ನಾನು ಮೂರು ಅಂಶ ಇಟ್ಟೆ. ಹುಡುಗಿಯ ಹಕ್ಕು, ಹುಡುಗಿಯ ಮುಂದಿನ ಬದುಕು, ಕೂಸಿಗೆ ಅಂಗನವಾಡಿ ಇದೆ ಎಂಬುದು. ಎದುರಿನವರ ಆಕ್ಷೇಪವನ್ನು ನಾನೇ ಊಹಿಸಿ ಅದಕ್ಕೂ ಉತ್ತರ ಕೊಟ್ಟೆ. ಅವರು ಕಟ್ಟು ಕಟ್ಟುವುದನ್ನು ನಿಲ್ಲಿಸದೆ ಪೂರ್ತಿ ಕೇಳಿಸಿಕೊಂಡರು.

"ನೀನು ಯೋಳಿದ್ದೆಲ್ಲ ಸರಿ ಕಣಮ್ಮ. ತಿರುಗ್ಸಿ ಯೋಳಕ್ಕೆ ನಂಗ್ ಬರಲ್ಲ. ಆದ್ರೂ ಕಳಿಸಲ್ಲ."

"ಯಾಕೆ?"

"ಟೀಚರಮ್ಮ ಮೊದ್ಲು ಆ ಕೆರೆ ಕಟ್ಟೆ ಮ್ಯಾಲೆ ನಿಂತ್ಕಂಡು ಇವಳ ಎಸ್ರು ಇಡ್ದು ಕೂಗೋರು. ಆ ಕೂಗು ಕೇಳಿದ್ರೆ ಇವಳು ಕೈಲಿರೋದ್ನ ಬಿಸಾಕಿ ಓಡೋಳು, ನಾನ್ ಇಡ್ಕೊಂಡ್ರೂ ನಿಲ್ತಿರ್ಲಿಲ್ಲ. ಈಗ ಕೂಗೋದೇ ಬಿಟ್ಟವ್ರೆ. ಅವ್ರಿಗೇ ಬ್ಯಾಡ ಆಗೈತೆ, ನಂಗ್ಯಾಕೆ?"

ಕಾಯಿಲೆಯ ವಿಷಯ ಹೇಳಿದೆ, ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಹೆಂಗಸು ಒಂದು ಕಟ್ಟನ್ನು ಬುಟ್ಟಿಗೆ ಹಾಕಿದರು. "ದನಿ ಓಗೈತೆ ಅಂತೀಯ. ಕಾಲು ಓಗಿಲ್ವಲ್ಲ."

ಚರ್ಚೆಯಲ್ಲಿ ಇಷ್ಟು ಚೊಕ್ಕವಾಗಿ ನಾನು ಯಾವತ್ತೂ ಸೋತಿಲ್ಲ.

ಟೀಚರಮ್ಮನಿಗೆ ಇದನ್ನು ಹೇಳಬಾರದೆಂದು ನಿರ್ಧರಿಸಿದೆ. ಹೇಳಿದರೆ ಹೋಗುತ್ತಾರೆ, ಹೋದರೆ ಕೂಗುತ್ತಾರೆ. ಇನ್ನು ಉಳಿದದ್ದು ಒಂದೇ ವಾರ. ಅದು ಮುಗಿದ ಮೇಲೆ ಹುಡುಗಿಯನ್ನು ಹೇಗಾದರೂ ಕರೆತರಬಹುದು, ಎರಡು ವಾರದ ಮೌನವನ್ನು ಮತ್ತೆ ತರುವುದು ಹೇಗೆ? ನನ್ನ ತರ್ಕ ಸರಿಯಾಗಿತ್ತು ಎಂದು ಈಗಲೂ ಅನಿಸುತ್ತದೆ. ಅವರಿಗೆ, "ಬರ್ತಾಳಂತೆ, ಸ್ವಲ್ಪ ದಿನ ಆಗುತ್ತಂತೆ" ಎಂದೆ. ನಿಜವನ್ನು ಮೇಷ್ಟ್ರಿಗೆ ಹೇಳಿದೆ, ಅವರ ಕೋಣೆಯಲ್ಲಿ, ಮೆಲ್ಲಗೆ. ಆ ಕೋಣೆಗೂ ನಲಿಕಲಿ ಕೋಣೆಗೂ ನಡುವೆ ಇರುವುದು ಮಾಡಿನವರೆಗೆ ಏರದ ಗೋಡೆ. ಗೋಣಿ ಕಟ್ಟಿದ್ದು ರಸ್ತೆ ಬದಿಗೆ ಮಾತ್ರ.

ಮುಂದಿನ ಬುಧವಾರ ಟೀಚರಮ್ಮ ತಡವಾಗಿ ಬಂದರು. ಪ್ರಾರ್ಥನೆ ಮುಗಿದು ಹಾಲು ಹಂಚುವ ಹೊತ್ತು. ಅವರು ತಡಮಾಡಿದ್ದನ್ನು ತಾನು ಗಮನಿಸಿಯೇ ಇಲ್ಲ ಎಂದು ಮೇಷ್ಟ್ರು ನನಗೆ ಹೇಳುತ್ತಿರುವಾಗಲೇ ಟೀಚರಮ್ಮ ಗೇಟಿನಲ್ಲಿ ಕಾಣಿಸಿದರು. ಸೀರೆಯ ಅಂಚಿಗೆ ಕೆಂಪು ಮಣ್ಣು, ಕಂಕುಳಲ್ಲಿ ಅಂಗನವಾಡಿಗೆ ಬಿಡಬೇಕಾದ ಕೂಸು, ಪಕ್ಕದಲ್ಲಿ ಬೆರಳು ಹಿಡಿದ ಹುಡುಗಿ. ಮೇಷ್ಟ್ರು ನನ್ನ ಮುಖ ನೋಡಲಿಲ್ಲ. ಫೋನು ತೆಗೆದುಕೊಂಡು ನೀರಿನ ಟ್ಯಾಂಕಿನ ಕಡೆ ಹೋದರು.

ಮಧ್ಯಾಹ್ನ ಹುಡುಗಿಯನ್ನು ಪಕ್ಕಕ್ಕೆ ಕರೆದು ಕೇಳಿದೆ. "ಇವತ್ತು ಹೇಗೆ ಬಂದೆ?"

"ಟೀಚರಮ್ಮ ಕರುದ್ರು."

"ಹೇಗೆ ಕರೆದರು?"

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಕರುದ್ರು ಅಂದ್ನಲ್ಲ."

"ಕೂಗಿದ್ರಾ? ಹತ್ತಿರ ಬಂದ್ರಾ?"

"ಅನ್ನ ತಣ್ಣಗಾಯ್ತದೆ ಅಕ್ಕ" ಎಂದು ಹೇಳಿ ತಟ್ಟೆ ಎತ್ತಿಕೊಂಡು ಹೋದಳು.

ಆ ದಿನ, ಅದರ ಮರುದಿನ, ಶುಕ್ರವಾರ, ನಾನು ಟೀಚರಮ್ಮನ ಗಂಟಲನ್ನು ಕಳ್ಳನೋಟದಲ್ಲಿ ಕಾಯ್ದೆ. ಕೆಮ್ಮುತ್ತಾರಾ, ನೀರು ಹೆಚ್ಚು ಕುಡಿಯುತ್ತಾರಾ, ಟವಲ್ಲು ಮತ್ತೆ ಬಿಗಿಯಾಗಿದೆಯಾ. ಏನೂ ತಿಳಿಯಲಿಲ್ಲ. ಅವರು ಹುಡುಗಿಯ ಪಕ್ಕ ಕೂತು ಅವಳಿಗೆ ಬಿಟ್ಟುಹೋಗಿದ್ದ ಕಾರ್ಡುಗಳನ್ನು ಒಂದೊಂದಾಗಿ ಮುಗಿಸುತ್ತಿದ್ದರು. ಅವಳ ಬೆರಳು ಹಿಡಿದು ಅಕ್ಷರದ ಮೇಲೆ ಓಡಿಸುತ್ತಿದ್ದರು. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಡೈರಿಯಲ್ಲಿ ಬರೆಯಲು ಹೋಗಿ ಆ ಸಾಲನ್ನು ಹಾಗೇ ಬಿಟ್ಟಿದ್ದೇನೆ. ನೋಡಿದರೆ, ಮೂರು ಅಂಶ ಇಟ್ಟು ನಾನು ತರಲಾಗದ ಮಗುವನ್ನು ಅವರು ತಂದಿದ್ದರು. ಅದಕ್ಕೆ ಏನು ತೆತ್ತರು ಎಂಬುದು ಮಾತ್ರ ಗೊತ್ತಿರಲಿಲ್ಲ.

ಶನಿವಾರ ಮತ್ತೆ ಬಂಗಾರಪೇಟೆ. ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ನಮ್ಮ ಮುಂದೆ ಇಬ್ಬರಿದ್ದರು, ಆಮೇಲೆ ಒಬ್ಬರಾದರು. ದೂರದಲ್ಲಿ ಜಂಕ್ಷನ್ನಿಗೆ ಗಾಡಿ ಬರುತ್ತಿರುವ ಸದ್ದು. ಟೀಚರಮ್ಮ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಎದುರಿನ ಗೋಡೆ ನೋಡುತ್ತಿದ್ದರು. ಇವತ್ತು ಕತ್ತಿಗೆ ಟವಲ್ಲು ಇರಲಿಲ್ಲ. ಇನ್ನು ಹತ್ತು ನಿಮಿಷದಲ್ಲಿ ಕ್ಯಾಮೆರಾ ಎಲ್ಲವನ್ನೂ ಹೇಳುತ್ತದೆ, ಕಾದರೆ ಆಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಆಗಲಿಲ್ಲ. ನನಗೆ ಗಂಟಿನ ವಿಷಯ ತಿಳಿಯಬೇಕಾಗಿರಲಿಲ್ಲ. ಅವರು ಆ ಬುಧವಾರ ಬೆಳಿಗ್ಗೆ ಕೆರೆ ಕಟ್ಟೆಯ ಮೇಲೆ ನಿಂತಾಗ ಕೂಗನ್ನೋ, ತೋಟದವರೆಗಿನ ನಡಿಗೆಯನ್ನೋ, ಏನನ್ನು ಆರಿಸಿಕೊಂಡರು ಎಂಬುದು ಬೇಕಿತ್ತು.

ಒಳಗಿನಿಂದ ನರ್ಸ್ ಬಾಗಿಲು ತೆರೆದು ಮುಂದಿನವರು ಎಂದರು. ಟೀಚರಮ್ಮ ಎದ್ದು ಸೆರಗು ಸರಿಮಾಡಿಕೊಂಡರು. ನಾನು ಅವರ ಮಣಿಕಟ್ಟು ಹಿಡಿದೆ.

"ಟೀಚರ್, ಆ ಹುಡುಗೀನ ಹೇಗೆ ಕರೆದ್ರಿ?"